ಆರಾಮ ಅದೀನಿ

ನಮ್ಮ ಕಡೆ ಯಾರೇ ಎದುರಿಗೆ ಸಿಕ್ಕರೂ ಮೊದಲು ಕೇಳುವುದು ಒಂದೇ ಮಾತು: ‘ಆರಾಮ ಅದೀರಿ?’ ಕೇಳುವವನಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳುವವನು ಯೋಚಿಸುವುದೂ ಇಲ್ಲ. ‘ಆರಾಮ್ರಿ’ ಅಂದರೆ ಮುಗಿಯಿತು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಜಗಳವಿರಲಿ, ಆರಾಮ. ಇಪ್ಪತ್ತೆರಡನೆಯ ವಯಸ್ಸಿಗೆ ವಿಜಯಪುರ ಜಿಲ್ಲೆ ಬಿಟ್ಟು ಗೋವಾಕ್ಕೆ ಬಂದಾಗ ಹಾಸಿಗೆ ಸುರುಳಿಯ ಜೊತೆಗೆ ನಾನು ಈ ಮಾತನ್ನೂ ತಂದೆ. ಹಾಸಿಗೆ ಯಾವಾಗಲೋ ಹರಿದುಹೋಯಿತು, ಮಾತು ಮಾತ್ರ ಹಾಗೇ ಉಳಿಯಿತು.

ಸಾವರ್ಡೆಯಲ್ಲಿ ಇಪ್ಪತ್ತು ವರ್ಷ ಅದಿರಿನ ಲಾರಿ ಓಡಿಸಿದೆ. ಆಮೇಲೆ ಕುಂಡಯಿಯ ಕಾರ್ಖಾನೆಗಳಿಗೆ ಸಾಮಾನು ಸಾಗಿಸಿದೆ. ಆಳು ಎತ್ತರ, ಮೀಸೆ ದಪ್ಪ, ಎದೆ ಅಗಲ, ಸಿಟ್ಟು ಮೂಗಿನ ತುದಿಯಲ್ಲೇ. ಹಾರ್ನ್ ಹೊಡೆದರೂ ಸರಿಯದ ಗಾಡಿಗಳು ನನ್ನ ಬಾಯಿಗೆ ಸರಿಯುತ್ತಿದ್ದವು. ಇಂಥ ಗಂಡಾಳಿನ ಹೃದಯ ಎರಡು ವರ್ಷದ ಹಿಂದೆ ಕುಂಡಯಿಯ ಒಂದು ಗೇಟಿನಲ್ಲಿ ಚೀಟಿ ತೋರಿಸುತ್ತ ನಿಂತಿದ್ದಾಗ ಕೈಕೊಟ್ಟಿತು. ಜೀವ ಉಳಿಯಿತು, ಪಂಪಿಂಗ್ ಉಳಿಯಲಿಲ್ಲ. ಹೃದಯದ ಮುಕ್ಕಾಲು ಭಾಗ ಸುಮ್ಮನೆ ಕೂತಿದೆ ಅಂದರು ಡಾಕ್ಟರು. ಲಾರಿ ಬೇಡ, ಸಣ್ಣ ಕಾರು ಓಡಿಸಬಹುದು. ಸಮನೆಲದಲ್ಲಿ ಐವತ್ತು ಹೆಜ್ಜೆ ನಡೆಯಬಹುದು, ಏರು ಹತ್ತಕೂಡದು. ದಿನಕ್ಕೆ ಒಂದು ಲೀಟರ್ ನೀರು, ಅದರ ಮೇಲೆ ಒಂದು ಗುಟುಕೂ ಇಲ್ಲ. ಕೂತಲ್ಲೇ ಕೂತಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಐವತ್ತೊಂದನೆಯ ಹೆಜ್ಜೆ ಇಟ್ಟಾಗ ನನಗೊಬ್ಬನಿಗೆ ತಿಳಿಯುತ್ತದೆ.

ಅವ್ವನಿಗೆ ಇದನ್ನು ಹೇಳಲಿಲ್ಲ. ಆಗ ಅವಳು ಊರಲ್ಲಿ ತಂಗಿಯ ಮನೆಯಲ್ಲಿದ್ದಳು. ಗ್ಯಾಸ್ ಆಗಿ ಎದೆ ಹಿಡಿದಿತ್ತು ಅಂತ ಫೋನಿನಲ್ಲಿ ಸುಳ್ಳು ಹೇಳಿದೆ. ಅದರ ಹಿಂದಿನ ವರ್ಷವಷ್ಟೇ ನನ್ನ ತಮ್ಮ ತೀರಿಹೋಗಿದ್ದ. ಒಬ್ಬ ಮಗನನ್ನು ಮಣ್ಣಿಗಿಟ್ಟವಳ ಕಿವಿಗೆ ಇನ್ನೊಬ್ಬನ ಸುದ್ದಿ ಹಾಕುವ ಧೈರ್ಯ ನನಗಿರಲಿಲ್ಲ. ನನ್ನ ಹೆಂಡತಿಯ ಕೈಯಿಂದಲೂ ಆಣೆ ಮಾಡಿಸಿಕೊಂಡೆ.

ಆಮೇಲೆ ಅವ್ವನ ಕಿಡ್ನಿ ಹೋದವು. ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಮಷಿನ್ನಿಗೆ ಹಾಕಬೇಕು, ತಪ್ಪಿಸಿದರೆ ಉಳಿಯುವುದಿಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಊರಲ್ಲಿ ಆ ಸೌಕರ್ಯ ದೂರ. ಸಾವರ್ಡೆಗೆ ಕರೆತಂದೆ. ಅವಳಿಗೂ ನೀರಿನ ಲೆಕ್ಕವೇ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬಾಟಲಿ ಇರುತ್ತಿದ್ದವು. ಒಂದಕ್ಕೆ ಕೆಂಪು ರಬ್ಬರು, ಒಂದಕ್ಕೆ ಹಸಿರು ರಬ್ಬರು. ನಾನು ಹಸಿರು ರಬ್ಬರಿನ ಬಾಟಲಿಯಿಂದ ಅಳೆದು ಕುಡಿಯುವುದನ್ನು ನೋಡಿ ಅವ್ವ ಕೇಳಿದಳು:

‘ನನ್ನ ಸಲುವಾಗಿ ನೀನೂ ನೀರ ಬಿಟ್ಟೀಯೇನೋ, ಹುಚ್ಚಾ?’

‘ಹೂಂನವ್ವ,’ ಅಂದೆ. ನನ್ನ ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು.

ಅವ್ವ ಆ ಉತ್ತರವನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಇಂಥ ಮಗ ಯಾರಿಗೈತಿ ಅಂತ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಆಸ್ಪತ್ರೆ ಒಂದು ಗುಡ್ಡದ ಮೇಲಿತ್ತು. ಹೆಸರು ಬೇಡ. ಬಾಗಿಲವರೆಗೆ ಕಾರು ಹೋಗುತ್ತಿತ್ತು. ಅಲ್ಲಿ ಅವ್ವನನ್ನು ಇಳಿಸಿದರೆ ಆಯಾ ಗಾಲಿಕುರ್ಚಿ ತಂದು ಒಳಗೆ ಒಯ್ಯುತ್ತಿದ್ದಳು. ಆಮೇಲೆ ಕಾರನ್ನು ಗುಡ್ಡದ ಬುಡಕ್ಕೆ ಇಳಿಸಿ ನಿಲ್ಲಿಸಿ, ಏರು ಹತ್ತಿ ಬರಬೇಕು. ಬಾಗಿಲಿನ ಪಕ್ಕದಲ್ಲೇ ಎರಡು ನೀಲಿ ಚೌಕ ಇದ್ದವು, ಗಾಲಿಕುರ್ಚಿಯ ಚಿತ್ರ ಬರೆದಿದ್ದರು, ನಡೆಯಲಾಗದವರ ಗಾಡಿಗೆ ಅಂತ. ನನ್ನನ್ನು ನೋಡುತ್ತಿದ್ದ ಹೃದಯದ ಡಾಕ್ಟರು ಅದೇ ಆಸ್ಪತ್ರೆಯವರು. ಈತನಿಗೆ ಏರು ಹತ್ತಲಾಗದು, ಇಲ್ಲಿ ನಿಲ್ಲಿಸಲು ಬಿಡಿ ಅಂತ ಬರೆದು, ಸಿಕ್ಕಾ ಹಾಕಿ ಕೊಟ್ಟಿದ್ದರು. ಅದನ್ನು ರಟ್ಟಿಗೆ ಅಂಟಿಸಿ, ಮೇಲೆ ಗಾಲಿಕುರ್ಚಿಯ ಚಿತ್ರ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿದ್ದಳು ನನ್ನ ಹೆಂಡತಿ.

ಆ ಕಾರ್ಡನ್ನು ನಾನು ಸೀಟಿನ ಕೆಳಗೆ ಬಚ್ಚಿಟ್ಟಿರುತ್ತಿದ್ದೆ. ಅವ್ವನಿಗೆ ಓದು ಬಾರದು, ಆದರೆ ಚಿತ್ರ ತಿಳಿಯುತ್ತದೆ. ಅವಳು ಇಳಿದು ಒಳಗೆ ಹೋದ ಮೇಲೆಯೇ ತೆಗೆದು ಗಾಜಿನ ಹಿಂದೆ ಇಡುತ್ತಿದ್ದೆ.

ಅಲ್ಲಿನ ಸೆಕ್ಯೂರಿಟಿ ಬಾಗಲಕೋಟೆ ಕಡೆಯವನು, ನಲವತ್ತರ ಆಸುಪಾಸು. ನನ್ನ ಕನ್ನಡ ಕೇಳಿ ಮೊದಲ ದಿನ ಅವನಿಗೆ ಹಿಗ್ಗೋ ಹಿಗ್ಗು. ‘ಆರಾಮ ಅದೀರಿ ಅಣ್ಣಾರ?’ ಅಂತ ದೂರದಿಂದಲೇ ಕೈ ಎತ್ತುತ್ತಿದ್ದ. ‘ಆರಾಮ್ರಿ,’ ಅನ್ನುತ್ತಿದ್ದೆ. ಅವ್ವನೂ ಅವನನ್ನು ಮಗನ ಹಾಗೇ ಮಾತಾಡಿಸುತ್ತಿದ್ದಳು, ಊಟ ಆತೇನಪಾ ಅಂತ ಕೇಳದೆ ಒಳಗೆ ಹೋಗುತ್ತಿರಲಿಲ್ಲ. ಆದರೆ ಅವನ ಕಣ್ಣು ಸೂಕ್ಷ್ಮ. ಮುದುಕಿ ಇಳಿದು ಹೋದ ಮೇಲೆ ಸೀಟಿನ ಕೆಳಗಿಂದ ಕಾರ್ಡ್ ಮೇಲೆ ಬರುವುದು ಅವನಿಗೆ ಕಂಡಿತು. ಮೂರನೆಯ ವಾರ ಕಿಟಕಿಗೆ ಬಾಗಿ ಕೇಳಿದ:

‘ಅಣ್ಣಾರ, ಒಂದ ಮಾತ ಕೇಳತೇನಿ, ಸಿಟ್ಟಿಗೇಳಬ್ಯಾಡ್ರಿ. ಈ ಕಾರ್ಡ್ ಯಾರದ್ರಿ?’

‘ನಂದು.’

‘ನಿಮಗೇನಾಗೇತ್ರಿ?’

ಅವತ್ತೇ ಹೇಳಬೇಕಿತ್ತು. ಆದರೆ ಅವ್ವನ ಗಾಲಿಕುರ್ಚಿ ಇನ್ನೂ ಬಾಗಿಲಲ್ಲೇ ಇತ್ತು, ಆಯಾ ಯಾರ ಜೊತೆಗೋ ಮಾತಿಗೆ ನಿಂತಿದ್ದಳು. ಅವ್ವನ ಕಿವಿ ಚುರುಕು. ನಾನು ನಕ್ಕು, ‘ಏನಿಲ್ಲಪಾ, ಆರಾಮ ಅದೀನಿ,’ ಅಂದೆ.

ಅವನು ಕಿಟಕಿಯಿಂದ ತಲೆ ತೆಗೆದ. ಅವತ್ತಿನಿಂದ ಅವನ ಲೆಕ್ಕದಲ್ಲಿ ನಾನು ಅವ್ವನ ಹೆಸರಿನ ಕಾರ್ಡಿನಲ್ಲಿ ಮಜಾ ಮಾಡುವ ಮನುಷ್ಯ. ಅವನೊಬ್ಬನೇ ಅಲ್ಲ. ಕಾರಿನಿಂದ ಇಳಿಯುವಾಗ ಜನ ಮೊದಲು ನನ್ನ ಕಾಲು ನೋಡುತ್ತಿದ್ದರು, ಆಮೇಲೆ ಮೀಸೆ. ಎರಡು ಕಾಲೂ ನೆಟ್ಟಗಿವೆಯಲ್ಲ ಅಂತ ಒಬ್ಬ ಹೆಂಗಸು ಕೊಂಕಣಿಯಲ್ಲಿ ನನಗೆ ಕೇಳುವಂತೆಯೇ ಅಂದಳು. ನನಗೆ ಮೈ ಉರಿಯಿತು. ಕೊನೆಗೆ ನಾನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ. ಕಾರಿನಿಂದ ಇಳಿದು ಕುಂಟತೊಡಗಿದೆ. ಮೂವತ್ತು ಹೆಜ್ಜೆ ಕುಂಟಿಕೊಂಡು ಬಾಗಿಲು ಸೇರುವುದು, ಒಳಗೆ ನೆಟ್ಟಗೆ ನಡೆದು ಅವ್ವನ ಹತ್ತಿರ ಹೋಗುವುದು. ಖರೇ ರೋಗ ಇದ್ದವನು ಸುಳ್ಳು ರೋಗ ಆಡಿ ತೋರಿಸಬೇಕಾಯಿತು. ಒಂದು ವಾರ ನಡೆಯಿತು. ಆಮೇಲೆ ಒಂದು ದಿನ ಸೆಕ್ಯೂರಿಟಿ ಹಿಂದಿನಿಂದ ಕೂಗಿದ:

‘ಅಣ್ಣಾರ, ಶುಕ್ರವಾರ ಎಡಗಾಲಿತ್ತಲ್ರಿ.’

ಅಲ್ಲಿದ್ದ ನಾಲ್ಕು ಜನ ನಕ್ಕರು. ಕುಂಟುವುದನ್ನು ಅಲ್ಲಿಗೇ ಬಿಟ್ಟೆ.

ಜಗಳ ಆದದ್ದು ಬಿಸಿಲು ಕೆಂಡದಂತಿದ್ದ ಒಂದು ದಿನ. ಅವ್ವನನ್ನು ಇಳಿಸಿ ನೀಲಿ ಚೌಕದಲ್ಲಿ ಕಾರು ನಿಲ್ಲಿಸಿದೆ. ಪಕ್ಕದ ಚೌಕದಲ್ಲಿ ಯಾರದೋ ಗಾಡಿ ಆಗಲೇ ಇತ್ತು. ನನ್ನ ಬೆನ್ನಿಗೇ ಇನ್ನೊಂದು ಕಾರು ಬಂತು. ಅದರಲ್ಲಿ ಮುದುಕರೊಬ್ಬರು, ಕಾಲು ಮೊಣಕಾಲಿನ ಕೆಳಗೆ ಇಲ್ಲ. ಓಡಿಸುತ್ತಿದ್ದವನು ಮಗ. ಅವನು ಇಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಾಡಿ ತೆಗೆಯಿರಿ ಅಂತ ಹಿಂದಿಯಲ್ಲಿ ಅಂದ. ಕಾರ್ಡ್ ತೋರಿಸಿದೆ. ಇಂಥ ಕಾಗದ ಯಾರು ಬೇಕಾದರೂ ಮಾಡಿಸುತ್ತಾರೆ ಅಂತ ಅವನು ಫೋನ್ ಎತ್ತಿ ವಿಡಿಯೋ ತೆಗೆಯತೊಡಗಿದ. ಜನ ಕೂಡಿದರು. ಸೆಕ್ಯೂರಿಟಿ ಬಂದು ಬಾನೆಟ್ ಮೇಲೆ ಕೈ ಬಡಿದ.

‘ತಗೀರಿ ಅಣ್ಣಾರ ಗಾಡಿ. ಆ ಹಿರಿಯಾರಿಗೆ ಕಾಲಿಲ್ಲ, ಕಾಣೂದಿಲ್ಲೇನ್ರಿ?’

ಕಾಣುತ್ತಿತ್ತು. ಆ ಮುದುಕರಿಗೆ ಜಾಗ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೂ ಬೇಕಿತ್ತು. ಸಮಾಧಾನವಾಗಿ ಹೇಳಿದ್ದರೆ ಏನಾಗುತ್ತಿತ್ತೋ. ನನ್ನ ಸಿಟ್ಟು ಅಷ್ಟು ಹೊತ್ತಿಗೆ ನೆತ್ತಿಗೇರಿತ್ತು. ಎದುರಿಗಿದ್ದವನು ನಮ್ಮ ಕಡೆಯವನು, ಅದಕ್ಕೇ ಇರಬೇಕು, ಹಿಂದಿ ಕೊಂಕಣಿ ಎಲ್ಲ ಮರೆತು ಕನ್ನಡದಲ್ಲಿ ಒದರಿದೆ:

‘ನನ್ನ ಹಾರ್ಟ್ ಸತ್ತೈತೋ. ಮುಕ್ಕಾಲ ಸತ್ತೈತಿ. ಈ ಏರ ಹತ್ತಿದ್ರ ನಾ ಇಲ್ಲೇ ಬಿದ್ದ ಸಾಯತೇನಿ. ನಮ್ಮವ್ವಗ ಗೊತ್ತಿಲ್ಲ, ಗೊತ್ತಾಗಬಾರದಂತ ಎರಡ ವರ್ಷ ಬಾಯಿ ಮುಚ್ಚಿಕೊಂಡ ಅದೀನಿ.’

‘ದಿನಾ ಕೇಳಿದಾಗ ಆರಾಮ ಅದೀನಿ ಅಂತಿದ್ರಲ್ರಿ,’ ಅಂದ ಅವನು. ‘ಇವತ್ತೊಂದ ದಿನ ಹೆಂಗ ಸತ್ತಿತ್ರಿ?’

ಇವನೇನು ಅನ್ನುತ್ತಾನೆ ಅಂತ ಜನ ಕೇಳಿದರು. ತನಗೆ ಹೃದಯವೇ ಇಲ್ಲವಂತೆ ಅಂತ ಅವನು ಹಿಂದಿಯಲ್ಲಿ ತಿರುಗಿಸಿ ಹೇಳಿದ. ಎಲ್ಲರೂ ನಕ್ಕರು.

ಕಾರನ್ನು ಗುಡ್ಡದ ಬುಡಕ್ಕೆ ಇಳಿಸಿದೆ. ಏರಿನಲ್ಲಿ ಐದು ಕಡೆ ಕೂತೆ. ಒಮ್ಮೆ ಮೈಲಿಗಲ್ಲಿನಂಥ ಒಂದು ಕಲ್ಲಿನ ಮೇಲೆ, ಉಳಿದ ಸಲ ನೆಲದ ಮೇಲೆ. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಗುತ್ತಿತ್ತು. ಕೆಳಗಿಳಿಯುತ್ತಿದ್ದವರು ನನ್ನನ್ನು ದಾಟಿ ಹೋದರು, ಕುಡಿದಿದ್ದಾನೆ ಅಂದುಕೊಂಡರೋ ಏನೋ. ಅವ್ವನ ಹತ್ತಿರ ಹೋಗುವ ಮುಂಚೆ ನಲ್ಲಿಯಲ್ಲಿ ಮುಖ ತೊಳೆದೆ.

‘ಆರಾಮ ಅದಿಯೇನಪಾ? ಬೆವರ ನೋಡ ಹೆಂಗ ಬಂದಾವ,’ ಅಂದಳು ಅವ್ವ.

‘ಆರಾಮ ಅದೀನವ್ವ. ಬಿಸಲ ಭಾಳ ಐತಿ.’

ಎರಡು ದಿನ ಬಿಟ್ಟು ಮತ್ತೆ ಮಷಿನ್ನಿನ ಸರದಿ. ಅವತ್ತು ಬೆಳಿಗ್ಗೆ ಬೇಗ ಹೋದದ್ದಕ್ಕೆ ಸೆಕ್ಯೂರಿಟಿ ಇನ್ನೂ ಬಂದಿರಲಿಲ್ಲ, ಚೌಕ ಖಾಲಿ ಇತ್ತು. ಅವ್ವ ಒಳಗೆ ಮಲಗಿದ್ದಳು, ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅವ್ವನ ಪಕ್ಕದ ಹಾಸಿಗೆಯ ಹೆಂಗಸು ಹೊತ್ತು ಕಳೆಯಲು ಫೋನ್ ನೋಡುತ್ತಿದ್ದಳು. ಒಳಗಿಂದ ಒಂದು ಧ್ವನಿ ಬಂತು. ಯಾವನಪ್ಪ ಇವನು ಇಷ್ಟು ಒದರುತ್ತಾನೆ ಅಂದುಕೊಂಡೆ. ನಾನೇ ಒದರುತ್ತಿದ್ದೆ.

ವಿಡಿಯೋ ಗೋವಾ ತುಂಬ ಹರಿದಾಡುತ್ತಿತ್ತಂತೆ. ಕಾಲಿಲ್ಲದ ಮುದುಕರ ಜಾಗ ಕಿತ್ತುಕೊಂಡ ಗಟ್ಟಿ ಆಸಾಮಿ ಅಂತ ಕೆಳಗೆ ಬರೆದಿದ್ದರಂತೆ. ನಾನು ಏನು ಹೇಳುತ್ತಿದ್ದೇನೆ ಅನ್ನುವುದು ನೋಡಿದವರಿಗೆ ಬೇಕಾಗಿರಲಿಲ್ಲ, ಭಾಷೆಯೂ ಬರುತ್ತಿರಲಿಲ್ಲ. ಆ ವಾರ್ಡಿನಲ್ಲಿ ಕನ್ನಡ ಬರುತ್ತಿದ್ದದ್ದು ಅವ್ವನೊಬ್ಬಳಿಗೆ. ಎದ್ದು ಬಾಗಿಲಲ್ಲಿ ನಿಂತು ನೋಡಿದೆ. ಸೂಜಿ ಚುಚ್ಚಿರದ ಕೈ ಚಾಚಿ, ಇನ್ನೊಮ್ಮೆ ಹಚ್ಚು ಅಂತ ಅವ್ವ ಆ ಹೆಂಗಸಿಗೆ ಸನ್ನೆ ಮಾಡುತ್ತಿದ್ದಳು. ಮೂರು ಸಲ ಹಚ್ಚಿಸಿ ಕೇಳಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು.

ಮನೆಗೆ ಬಂದವಳೇ ಅವ್ವ ಅಡುಗೆಮನೆಗೆ ಹೋಗಿ ಹಸಿರು ರಬ್ಬರಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಮುಂದಿನ ಸರದಿಯ ದಿನ ಬೆಳಿಗ್ಗೆ ಸೀರೆ ಉಡಲಿಲ್ಲ.

‘ನಾ ಬರೂದಿಲ್ಲ,’ ಅಂದಳು. ‘ಆರಾಮ ಅದೀನಿ. ಮಷಿನ್ ಸಾಕು.’

ಮೊದಲು ತಮಾಷೆ ಮಾಡಿದೆ, ಆಮೇಲೆ ಬೈದೆ, ಆಮೇಲೆ ಕಾಲು ಹಿಡಿದೆ. ಬೇರೆ ಗಾಡಿ ಮಾಡಿಕೊಡುತ್ತೇನೆ, ನಿನ್ನ ಸೊಸೆ ಜೊತೆಗೆ ಬರುತ್ತಾಳೆ, ನಾನು ಮನೆಯಲ್ಲೇ ಇರುತ್ತೇನೆ ಅಂದೆ.

‘ನೀ ಇರೂದಿಲ್ಲ. ಹಿಂದಿನಿಂದ ಬರತಿ. ಹಡದೇನಿ, ನನಗ ಗೊತ್ತಿಲ್ಲೇನ?’ ಅಂದಳು. ಅದು ಖರೇ ಇತ್ತು.

‘ಬಿಟ್ರ ಉಳಿಯೂದಿಲ್ಲವ್ವ ನೀ.’

‘ಎರಡ ವರ್ಷ ನೀ ಆರಾಮ ಅದೀನಿ ಅಂದಿ, ನಾ ಕೇಳಿದೆ. ಈಗ ನಾ ಅನ್ನಾಕತ್ತೇನಿ, ನೀ ಕೇಳ.’

ಡಾಕ್ಟರಿಗೆ ಫೋನ್ ಹಚ್ಚಿ ಕೊಟ್ಟೆ, ತಂಗಿಯನ್ನು ಊರಿಂದ ಕರೆಸಿದೆ. ಯಾರ ಮಾತಿಗೂ ಅವಳು ಬಗ್ಗಲಿಲ್ಲ. ಹಟದಲ್ಲಿ ನಾನು ಅವಳ ಮಗನೇ. ಐದನೆಯ ದಿನ ಪಾದ ಊದಿದವು, ಆಮೇಲೆ ಮುಖ. ಮಲಗಲಾಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಹತ್ತನೆಯ ದಿನ ಮಧ್ಯಾಹ್ನ ಅವಳ ಪಕ್ಕ ಕೂತು ಬೇರೇನೂ ಕೇಳಲು ತೋಚದೆ, ‘ಆರಾಮ ಅದಿಯೇನವ್ವ?’ ಅಂದೆ. ಉಸಿರು ಎಳೆದುಕೊಂಡು ಎಳೆದುಕೊಂಡು ಅವಳು, ‘ಆರಾಮ ಅದೀನಪಾ,’ ಅಂದಳು. ಮರುದಿನ ಹೋದಳು.

ಒಂದು ತಿಂಗಳಾದ ಮೇಲೆ ನನ್ನ ತಪಾಸಣೆಗೆ ಅದೇ ಗುಡ್ಡಕ್ಕೆ ಹೋಗಬೇಕಾಯಿತು. ಈ ಸಲ ಕಾರ್ಡ್ ಮನೆಯಿಂದಲೇ ಗಾಜಿನ ಹಿಂದೆ ಇತ್ತು. ಇನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ನೀಲಿ ಚೌಕಕ್ಕೆ ಈಗ ಹಗ್ಗ ಕಟ್ಟಿದ್ದರು. ಸೆಕ್ಯೂರಿಟಿ ನನ್ನನ್ನು ನೋಡಿ ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ನೆಲ ನೋಡುತ್ತ ಹಗ್ಗ ಬಿಚ್ಚಿದ. ಹೃದಯದ ಡಾಕ್ಟರು ವಿಡಿಯೋ ನೋಡಿ ಅವನನ್ನು ಕರೆಸಿ ಚೀಟಿ ಖರೇ ಅಂತ ಹೇಳಿದ್ದರಂತೆ. ಕಾರು ನಿಲ್ಲಿಸಿ ಇಳಿದೆ. ಅವನು ಖಾಲಿ ಸೀಟಿನ ಕಡೆ ಬಗ್ಗಿ ನೋಡಿದ.

‘ಅವ್ವಾರು ಬಂದಿಲ್ಲೇನ್ರಿ ಅಣ್ಣಾರ? ಭಾಳ ದಿನ ಆತು. ಆರಾಮ ಅದಾರಿಲ್ಲೋ?’

ಹೇಳಬೇಕು ಅಂತಲೇ ಬಾಯಿ ತೆರೆದೆ. ಅವನ ಮುಖ ನೋಡಿದೆ. ಊಟ ಆತೇನಪಾ ಅಂತ ಅವ್ವ ಕೇಳುತ್ತಿದ್ದದ್ದು ನೆನಪಾಯಿತು.

‘ಆರಾಮ ಅದಾಳಪಾ,’ ಅಂದೆ.

ಈ ಸಲವೂ ಅವನು ನಂಬಿದ.