ಹಗೇವಿನ ದೀಪ

ಮುನಿಲಕ್ಷ್ಮಕ್ಕ ಹಿಮ್ಮಡಿಯಿಂದ ನೆಲ ಗುದ್ದಿ, ಒಳಗೆ ಟೊಳ್ಳೋ ಗಟ್ಟಿಯೋ ಹೇಳಿಬಿಡುತ್ತಿದ್ದಳು. ಅದು ಮಾಟವಲ್ಲ ಮಕ್ಕಳೇ. ಅವಳ ಮನೆಯವರು ಯಲ್ದೂರಿನ ಸುತ್ತ ರಾಗಿ ತುಂಬಿಡುವ ಹಗೇವು ತೋಡುತ್ತಿದ್ದವರು. ನೆಲದೊಳಗಿನ ಆ ಕಣಜದ ಬಾಯಿ ಎಲ್ಲಿತ್ತೆಂದು ಮರೆತವರು ಅವಳನ್ನೇ ಕರೆಯುತ್ತಿದ್ದರು.

ನೀವು ರಜದಲ್ಲಿ ಓದಿ ಹೆದರಿದಿರಲ್ಲ, ಗುಡ್ಡದ ಮೇಲೆ ಹಳೇ ಗೋರಿ ಅಗೆಯುವವರ ಕಾದಂಬರಿ, ಅದರಲ್ಲಿ ದೀಪ ಆರಿಸಿ ಶಾಪ ಹಾಕುವ ಕೆದರುಗೂದಲ ಮುದುಕಿ ಇವಳೇ. ಬರೆದ ಸಾಹೇಬರನ್ನು ನಾನು ಬಲ್ಲೆ. ಗೌನಿಪಲ್ಲಿಯ ಆಚೆ ಅವರು ಅಂಥದೇ ಹಳೇ ಗೋರಿ ಹುಡುಕಿ ಅಗೆಸುವಾಗ ನಾನು ಅಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದೆ. ಅಕ್ಕ ದಿನಾ ಎಣ್ಣೆ ಹಚ್ಚಿ ತುರುಬು ಕಟ್ಟಿ, ಕನಕಾಂಬರ ಮುಡಿದೇ ಕೆಲಸಕ್ಕೆ ಬರುತ್ತಿದ್ದಳು. ಕೆದರುಗೂದಲಂತೆ.

ತಿಂಗಳು ಅಗೆದರೂ ಅವರಿಗೆ ಏನೂ ಸಿಕ್ಕಿರಲಿಲ್ಲ. ಅಕ್ಕ ಒಂದು ಕಡೆ ಹಿಮ್ಮಡಿ ಗುದ್ದಿ, "ಇಲ್ಲಿ ತೆಗೀರಿ ಸಾಮಿ, ಕೆಳಗೆ ಮನೆ ಐತೆ" ಅಂದಳು. ಎದೆಯುದ್ದ ಅಗೆದಾಗ ಚಪ್ಪಡಿ ಬಂತು. ಅದನ್ನು ಸರಿಸಿದ್ದೇ ತಡ, ಸಾಹೇಬರು ಒಳಗೆ ಕಾಲು ಇಳಿಬಿಟ್ಟರು. ಅಕ್ಕ ಅಂಗಿ ಹಿಡಿದೆಳೆದಳು.

"ಬೇಡ ಸಾಮಿ, ಬೇಡ. ಮುಚ್ಚಿದ್ ಗುಂಡೀಲಿ ಗಾಳಿ ಕೆಟ್ಟಿರ್ತೈತೆ. ನಮ್ಮಪ್ಪ ಹಗೇವಲ್ಲಿ ಹಂಗೇ ಹೋದ."

"ಏನಮ್ಮಾ, ದೆವ್ವ ಗಿವ್ವಾನಾ?" ಸಾಹೇಬರು ನಕ್ಕರು.

"ದೆವ್ವ ಆದ್ರೆ ಬೈದು ಓಡಿಸ್ಬೋದು. ಗಾಳೀನ ಏನಂತ ಬಯ್ಯಲಿ?"

ಬಕೆಟ್ಟಿನಲ್ಲಿ ಬುಡ್ಡಿದೀಪ ಇಟ್ಟು ಹಗ್ಗದಿಂದ ಇಳಿಸಿದಳು. ಅರ್ಧಕ್ಕೆ ಹೋಗಿ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಸಾಹೇಬರು ಆಮೇಲೆ ನಗಲಿಲ್ಲ. ಎರಡು ದಿನ ಬಾಯಿ ತೆರೆದಿಡಿಸಿ, ತಳದಲ್ಲಿ ದೀಪ ನಿಂತು ಉರಿದ ಮೇಲೆಯೇ ಅಕ್ಕ ಅವರನ್ನು ಇಳಿಯಗೊಟ್ಟಳು.

ಆ ದೀಪವನ್ನೇ ಅವರು ಶಾಪ ಮಾಡಿದ್ದಾರೆ. ನೀವು ಬಿಟ್ಟುಹೋದ ಪುಸ್ತಕ ಓದಿದಾಗಲೇ ನನಗೆ ಅದು ತಿಳಿದದ್ದು. ಅಕ್ಕ ಅಂಗಿ ಹಿಡಿಯದಿದ್ದರೆ, ಅದನ್ನು ಬರೆದ ಕೈ ಇವತ್ತು ಎಲ್ಲಿರುತ್ತಿತ್ತು?

ಸಿಟ್ಟಿನಲ್ಲೇ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು ಅವಳಿಗೆ ಹೇಳಲೆಂದು ಯಲ್ದೂರಿಗೆ ಹೋದೆ. ಹಾಸಿಗೆ ಹಿಡಿದಿದ್ದಳು.

"ಸಾಯೇಬ್ರು ಪುಸ್ತಕ ಬರ್ದವ್ರಂತೆ. ನಾನಿದೀನೇನೇ ಅದ್ರಲ್ಲಿ?"

"ಇದ್ದೀಯ ಅಕ್ಕ."

"ದೀಪ ಇಳಿಸಿದ್ದು?"

"ಅದೂ ಐತೆ."

ಓದು ಬಾರದ ಅಕ್ಕ ಪುಸ್ತಕ ಇಸಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಮರೀಲಿಲ್ಲ ನೋಡೇ. ಒಳ್ಳೇ ಮನುಷ್ಯ."

ನಾನು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದೆ. ನಾಲ್ಕು ದಿನಕ್ಕೆ ಅಕ್ಕ ಹೋದಳು. ಈ ಸಿಟ್ಟಿನಲ್ಲಿ ಅರ್ಧ, ನಿಜ ಹೇಳದ ನನ್ನ ಮೇಲಿನದು. ಆ ಪುಸ್ತಕ ಕಪಾಟಿನಲ್ಲೇ ಇದೆ. ದೀಪ ಆರುವ ಪುಟ ಹುಡುಕಿ, ಈ ಕಾಗದವನ್ನು ಅಲ್ಲಿ ಇಡಿ.