ಬುಧವಾರ ಹತ್ತು ಗಂಟೆ

ನನ್ನ ತಂಗಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ‘ನಾಳೆ ಹತ್ತು ಗಂಟೆಗೆ ನಿನ್ನ ಪರೀಕ್ಷೆ’ ಎನ್ನುವಷ್ಟೇ ಮಾತು. ಮರೆತಿದ್ದೆ ಎಂದು ಬರೆದರೆ ಓದುವವರು ಪಾಪ ಎನ್ನಬಹುದು. ಮರೆತಿರಲಿಲ್ಲ. ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಸಂಜೆಯವರೆಗೆ ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಮೇಲೂ ಮೂರು ವರ್ಷ ಇತ್ತು.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಹಿಂಭಾಗದಲ್ಲಿ ಎರಡು ವಿದ್ಯುತ್ ಮಗ್ಗ. ಅಮ್ಮ ತೀರಿಕೊಂಡ ವರ್ಷ ನಾನು ಏಳನೇ ತರಗತಿ ಮುಗಿಸಿದ್ದೆ, ತಂಗಿಗೆ ನಾಲ್ಕು ವರ್ಷ. ಎಂಟನೇ ತರಗತಿಗೆ ಸೇರಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಸೇರು ಎಂದೂ ಹೇಳಲಿಲ್ಲ. ಜೂನ್ ತಿಂಗಳು ಬಂತು, ನಾನು ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದೆ, ಜುಲೈ ಆಯಿತು. ನನ್ನ ಮದುವೆಯ ಮಾತುಗಳೂ ಹಾಗೆಯೇ ಬಂದು ಹೋದವು.

ತಂಗಿ ಓದಿದಳು. ಪಿಯುಸಿ ಆದಮೇಲೆ ಒಂದು ಅರ್ಜಿ ಹಿಡಿದುಕೊಂಡು ಬಂದು ಅಪ್ಪನ ಮುಂದೆ ನಿಂತಳು. ನಾಲ್ಕು ವರ್ಷದ ಕೋರ್ಸು, ಡಿಗ್ರಿಯೂ ಬಿ.ಎಡ್ಡೂ ಒಟ್ಟಿಗೇ ಮುಗಿಯುತ್ತದೆ, ಗಣಿತದ ಟೀಚರ್ ಆಗಬಹುದು ಎಂದಳು.

“ಮೇಷ್ಟ್ರಾಗೋದನ್ನ ನಾಲ್ಕು ವರ್ಷ ಕಲೀತಾರೇನೇ? ನಮ್ ಮೇಷ್ಟ್ರು ಒಂದು ಬೆತ್ತ ತಗೊಂಡ್ರು, ಅವತ್ತೇ ಮೇಷ್ಟ್ರಾಗ್ಬಿಟ್ರು,” ಎಂದರು ಅಪ್ಪ.

“ಅದಕ್ಕೇ ಕಣಪ್ಪಾ ನಿಂಗೆ ಇವತ್ತಿಗೂ ಭಾಗಾಕಾರ ಬರಲ್ಲ.”

ಅಪ್ಪ ನಕ್ಕು ಸಹಿ ಹಾಕಿದರು. ಅವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಯಲಹಂಕದ ಕಡೆ ಹೋಗುತ್ತಿದ್ದಳು, ಸಂಜೆ ಬಂದು ಮಗ್ಗದ ಕೋಣೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದಳು. ಪಾಠಯೋಜನೆ ಎಂದು ಒಂದು ಪುಸ್ತಕ. ನಲವತ್ತು ನಿಮಿಷದ ಪಾಠವನ್ನು ಎಡಗಡೆ ಶಿಕ್ಷಕಿ ಏನು ಹೇಳುತ್ತಾಳೆ, ಬಲಗಡೆ ಮಕ್ಕಳು ಏನು ಹೇಳುತ್ತಾರೆ ಎಂದು ಗೆರೆ ಹಾಕಿ ಬರೆಯಬೇಕು. ಒಂದು ದಿನ ಅದನ್ನು ಓದಿ ನನಗೆ ನಗು ಬಂತು.

“ಮಕ್ಕಳ ಉತ್ತರಾನೂ ನೀನೇ ಬರ್ಕೊಂಡಿದ್ದೀಯಲ್ಲೇ! ಅವು ಹಂಗೇ ಹೇಳ್ತವಾ?”

“ಹೇಳಲ್ಲ ಕಣಕ್ಕ. ಆದ್ರೂ ಯೋಚ್ನೆ ಮಾಡಿಟ್ಕೋಬೇಕು. ತಪ್ಪು ಉತ್ತರಾನೂ ಬರ್ಕೋಬೇಕು. ಇಲ್ದಿದ್ರೆ ಅಲ್ಲಿ ನಿಂತ್ಕೊಂಡು ತಬ್ಬಿಬ್ಬಾಗ್ತೀವಿ.”

ಕೊನೆಯ ವರ್ಷ ಆ ಕೋರ್ಸಿನವರನ್ನು ಪಾಠ ಮಾಡಲು ಶಾಲೆಗಳಿಗೆ ಕಳಿಸುತ್ತಾರೆ. ಇವಳಿಗೆ ತೂಬಗೆರೆ ಕಡೆಯ ಒಂದು ಸರ್ಕಾರಿ ಹೈಸ್ಕೂಲು ಸಿಕ್ಕಿತ್ತು. ಕೆಲವು ತಿಂಗಳು ಅಲ್ಲಿ ಪಾಠ ಮಾಡಿದಳು. ಸೀರೆ ಉಟ್ಟು, ಸುರುಳಿ ಸುತ್ತಿದ ಕರಿಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಆ ಸೀರೆಗಳು ನಾನು ನೇದವು. ಅಂಚಿನಲ್ಲಿ ದೋಷ ಬಂದು, ನಮಗೆ ನೂಲು ಕೊಟ್ಟು ನೇಯಿಸುವ ಸಾಹುಕಾರರು ವಾಪಸು ಕಳಿಸಿದ್ದವು. ಎಲ್ಲ ಮುಗಿದಮೇಲೆ ಒಂದು ಪರೀಕ್ಷೆ ಉಳಿದಿತ್ತು. ಬೇರೆ ಕಾಲೇಜಿನ ಪರೀಕ್ಷಕರು ಬಂದು ತರಗತಿಯ ಹಿಂದೆ ಕೂರುತ್ತಾರೆ, ಇವಳು ಒಂದು ಪಾಠ ಮಾಡಿ ತೋರಿಸಬೇಕು. ಅದೊಂದು ಆದರೆ ಟೀಚರ್. ಗುರುವಾರ ಎಂದು ಗೊತ್ತಾಗಿತ್ತು.

ಅದೇ ವಾರ ಅವಳ ಫೋನಿನ ಪರದೆ ಒಡೆದು ರಿಪೇರಿ ಅಂಗಡಿಯಲ್ಲಿತ್ತು. ಕಾಲೇಜಿಗೆ ನನ್ನ ನಂಬರು ಕೊಟ್ಟಿದ್ದಳು.

ಮಂಗಳವಾರ ಊಟವಾದ ಮೇಲೆ ನನ್ನ ಕೀಪ್ಯಾಡ್ ಫೋನು ಬಡಿದುಕೊಂಡಿತು. ಮಗ್ಗ ನಿಲ್ಲಿಸಿ ಎತ್ತಿದೆ. ಅವಳ ಕಾಲೇಜಿನ ಮೇಡಂ, ಕಾಲೇಜಿನ ಫೋನಿನಿಂದ ಮಾತಾಡುತ್ತಿದ್ದರು.

“ಪರೀಕ್ಷಕರು ಗುರುವಾರ ಬರೋಕಾಗಲ್ವಂತೆ ಕಣಮ್ಮ. ಪರೀಕ್ಷೆ ನಾಳೆಗೇ ಹಾಕಿದ್ದೀವಿ. ಬುಧವಾರ ಹತ್ತು ಗಂಟೆಗೆ ಶಾಲೇಲಿರ್ಬೇಕು ಅಂತ ಹೇಳಿ. ಮರೀಬೇಡಿ.”

“ಆಯ್ತು ಮೇಡಂ, ಹೇಳ್ತೀನಿ.”

ಸದ್ದಿರಲಿಲ್ಲ. ಎಲ್ಲವೂ ಸರಿಯಾಗಿ ಕೇಳಿಸಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಸದ್ದಿನ ಮೇಲೆ ತಪ್ಪು ಹೊರಿಸಿದೆ.

ಅದೇ ದಿನ ಒಂದು ಮಗ್ಗದಲ್ಲಿ ಹಾಸು ಮುಗಿದಿತ್ತು. ಹಾಸೆಂದರೆ ಸೀರೆಯ ಉದ್ದದ ಎಳೆಗಳು. ಮುಗಿದ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಸೇರಿಸಬೇಕು. ನಮ್ಮಲ್ಲಿ ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಸಾವಿರಾರು ಎಳೆ ಹೊಸೆಯಬೇಕು, ಒಂದು ಹಗಲು ಪೂರ್ತಿ ಹಿಡಿಯುತ್ತದೆ. ಅದಕ್ಕೆಂದೇ ಬರುವವರು ಬೇರೆ ಬೀದಿಯ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಶುಕ್ರವಾರಕ್ಕೆ ಮುಂಚೆ ಬರುವುದಿಲ್ಲ ಎಂದು ಅಪ್ಪ ಹೇಳಿದರು. ನನ್ನ ಬೆರಳು ದಪ್ಪ, ನಾನು ಕೆಚ್ಚಿದರೆ ಎಳೆ ಬಿಡುತ್ತದೆ. ತಂಗಿಯ ಕೈ ಚೆನ್ನ.

ಸಂಜೆ ಅವಳು ಬಂದಳು. ಹೇಳೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಅವಳೇ ಬರಿದಾದ ಮಗ್ಗ ನೋಡಿ ಅಂದಳು:

“ನಾಳೆ ನಾನ್ ಮನೇಲೇ ಇರ್ತೀನಲ್ಲ ಅಪ್ಪಾ. ನಾನೇ ಕೆಚ್ಚಿಕೊಡ್ತೀನಿ ಬಿಡು. ಬಾಯಲ್ಲಿ ಪಾಠ ಹೇಳ್ಕೊಂಡು ಕೈಯಲ್ಲಿ ಕೆಲ್ಸ.”

ನಾನು ಕೂತೆ.

ಯಾಕೆ ಕೂತೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಮ್ಮ ಕಸುಬಿನಲ್ಲಿ ಯಾವ ದಿನವೂ ಗಟ್ಟಿ ದಿನವಲ್ಲ. ಸಾಹುಕಾರರು ಬುಧವಾರ ಎಂದರೆ ಅದು ಶನಿವಾರ. ನೂಲು ನಾಳೆ ಬರುತ್ತದೆ ಎಂದರೆ ಮುಂದಿನ ವಾರ. ಗುರುವಾರದ್ದು ಬುಧವಾರಕ್ಕೆ ಬಂದಿದೆ ಎಂದರೆ ಮತ್ತೆ ಗುರುವಾರಕ್ಕೆ ಹೋಗಲೂಬಹುದು, ಇವಳು ಗುರುವಾರ ಹೋಗಿ ನಿಂತರೆ ಪಾಠ ಮಾಡಿಸಿಕೊಳ್ಳದೆ ಕಳಿಸುತ್ತಾರೆಯೇ ಎಂದು ಲೆಕ್ಕ ಹಾಕಿದೆ. ಮಗ್ಗ ಕಾಯುತ್ತದೆ. ಪರೀಕ್ಷೆಯೂ ಕಾಯುತ್ತದೆ ಅಂದುಕೊಂಡೆ. ಇದು ನಿಜ. ಇದರ ಜೊತೆಗೆ ಇನ್ನೊಂದು ಇತ್ತು. ಅವಳು ಟೀಚರ್ ಆದಮೇಲೆ ಈ ಕೋಣೆಯಲ್ಲಿ ನಾನೊಬ್ಬಳೇ ಎಂಬುದು. ಆ ಬುಧವಾರ ಒಂದು ದಿನ ಅವಳು ನನ್ನ ಎದುರಿಗೆ ಕೂತಿರಲಿ ಅನ್ನಿಸಿತು. ಎರಡರಲ್ಲಿ ಯಾವುದು ದೊಡ್ಡದು, ನನಗೆ ಈಗಲೂ ಗೊತ್ತಿಲ್ಲ.

ಬುಧವಾರ ಎಂಟಕ್ಕೇ ಅವಳು ಕೂತಳು. ನಾನು ಎದುರಿಗೆ ಕೂತು ಎಳೆ ಬಿಡಿಸಿ ಕೊಡುತ್ತಿದ್ದೆ. ಅವಳ ಪಾಠ ಅನುಪಾತ. ಅದಕ್ಕೆಂದು ಒಂದು ರಟ್ಟಿಗೆ ಕೆಂಪು ನೂಲು, ಜರಿ ಸುತ್ತಿ ಇಟ್ಟುಕೊಂಡಿದ್ದಳು. ಗೋಡೆಯ ಗಡಿಯಾರ ಅವಳ ಬೆನ್ನ ಹಿಂದಿತ್ತು, ನನ್ನ ಕಣ್ಣೆದುರಿಗಿತ್ತು. ಹತ್ತಾಯಿತು.

“ಮಕ್ಕಳೇ, ಈ ಅಂಚಿನಲ್ಲಿ ಮೂರು ಕೆಂಪು ಎಳೆಗೆ ಒಂದು ಜರಿ ಎಳೆ ಇದೆ. ಹನ್ನೆರಡು ಕೆಂಪಿಗೆ ಎಷ್ಟು ಜರಿ? ಹೂಂ, ನೀವು ಹೇಳಿ, ಹಿಂದಿನ ಬೆಂಚು.”

“ನಾಲ್ಕು,” ಎಂದೆ.

“ಹೇಗೆ ಗೊತ್ತಾಯ್ತು?”

“ನೇದಿದ್ದೀನಲ್ಲ.”

“ಥೂ, ಹಂಗಲ್ಲ ಕಣಕ್ಕ! ಕಾರಣ ಹೇಳ್ಬೇಕು. ನಿನ್ನಂಥೋರು ಇಬ್ರು ಕ್ಲಾಸಲ್ಲಿದ್ರೆ ಟೀಚರ್ ಓಡೋಗ್ತಾಳೆ.”

ಅವಳು ನಕ್ಕಳು. ನಾನೂ ನಕ್ಕೆ. ಹತ್ತೂ ಕಾಲಾಯಿತು. ಈಗ ಹೇಳಿದರೂ ಆಟೋ ಹಿಡಿದು ಹೋಗಬಹುದು ಅನ್ನಿಸಿತು. ಹತ್ತೂವರೆ ಆಯಿತು. ಹನ್ನೊಂದಾಯಿತು. ಫೋನು ಮತ್ತೆ ಬಡಿದುಕೊಳ್ಳಲಿಲ್ಲ. ಆಮೇಲೆ ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಪಾಠವನ್ನು ಅವಳು ಮೂರು ಸಲ ಒಪ್ಪಿಸಿದಳು. ಸಂಜೆಗೆ ಹಾಸು ಕೂಡಿತು. ಒಂದು ಎಳೆಯೂ ಬಿಡಲಿಲ್ಲ.

ಗುರುವಾರ ಅವಳು ಹೊರಟು, ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದಳು. ಹಲಗೆಯನ್ನು ಮೂಲೆಗೆ ಒರಗಿಸಿದಳು. ಪರೀಕ್ಷಕರು ಹಿಂದಿನ ದಿನ ಬಂದು, ಹನ್ನೆರಡರವರೆಗೆ ಕಾದು, ಗೈರುಹಾಜರಿ ಹಾಕಿ ಹೋಗಿದ್ದರು. ಮಕ್ಕಳು ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದು ಕೂತಿದ್ದರಂತೆ.

“ಅಕ್ಕ, ಮೇಡಂ ನಿಂಗೆ ಫೋನ್ ಮಾಡಿದ್ರಾ?”

“ಇಲ್ವಲ್ಲ.”

“ಮಗ್ಗದ್ ಸದ್ದಲ್ಲಿ ಕೇಳಿಸ್ಲಿಲ್ವೇನೋ?”

“ಇದ್ರೂ ಇರಬಹುದು. ನನ್ ಜೊತೆ ಅಂತೂ ಯಾರೂ ಮಾತಾಡ್ಲಿಲ್ಲ.”

ಬಂದ ಕರೆಯ ನಂಬರನ್ನು ನಾನು ಅಷ್ಟೊತ್ತಿಗೆ ಅಳಿಸಿದ್ದೆ. ಅಳಿಸುವುದು ಹೇಗೆಂದು ನನಗೆ ಕಲಿಸಿದ್ದವಳು ಅವಳೇ.

ಮಾರನೆಯ ದಿನ ಅವಳು ಕಾಲೇಜಿಗೆ ಹೋದಳು. ನಿಮ್ಮ ಅಕ್ಕನ ಹತ್ತಿರ ನಾನೇ ಮಾತಾಡಿದೆ, ಹೇಳ್ತೀನಿ ಅಂದರು ಎಂದರಂತೆ ಮೇಡಂ. ನಮ್ಮಕ್ಕ ಸುಳ್ಳು ಹೇಳಲ್ಲ ಎಂದಳಂತೆ ಇವಳು. ಹಾಗಾದರೆ ಸುಳ್ಳು ನಾನು ಹೇಳುತ್ತಿದ್ದೇನಾ ಎಂದು ಮೇಡಂ ಕೇಳಿದರಂತೆ. ಪ್ರಾಂಶುಪಾಲರ ಕೋಣೆಯವರೆಗೂ ಹೋಯಿತು. ಕೊನೆಗೆ, ಸುಳ್ಳು ನೆಪ ಹೇಳಿ ಉಪನ್ಯಾಸಕರ ಮೇಲೆ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಕೇಳಿ ಬರೆದುಕೊಟ್ಟರೆ ಮುಂದಿನ ವರ್ಷದವರ ಜೊತೆ ಪರೀಕ್ಷೆಗೆ ಕೂರಬಹುದು ಎಂದರು. ಅವಳು ಬರೆದುಕೊಟ್ಟಳು. ಇದನ್ನೆಲ್ಲ ಅವಳು ಅದೇ ಮೆಟ್ಟಿಲ ಮೇಲೆ ಕೂತು ಹೇಳಿದಳು. ನಾನು ಮಗ್ಗ ಓಡಿಸುತ್ತಲೇ ಕೇಳಿದೆ. ಬಾಯಿ ತೆರೆಯಬಹುದಿತ್ತು. ನನಗೆ ಅಳುವೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕೈ ಜೋಮು ಹಿಡಿದಾಗ ಅದು ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇದ್ದೆ.

ಮುಂದಿನ ವರ್ಷ ಅವಳು ಪರೀಕ್ಷೆಗೆ ಹೋಗಲಿಲ್ಲ. ಅದರ ಮುಂದಿನ ವರ್ಷವೂ ಹೋಗಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದಳು. ಬರುವ ಪೆಟ್ಟಿಗೆಗಳ ಮೇಲಿನ ಗೆರೆಗಳಿಗೆ ಯಂತ್ರ ಹಿಡಿಯುವ ಕೆಲಸ. ಬೆಳಿಗ್ಗೆ ಕಂಪನಿಯ ವ್ಯಾನು ಬರುತ್ತದೆ. ಕರಿಹಲಗೆಯ ಸುರುಳಿ ಅಟ್ಟದ ಮೇಲೆ ಹೋಯಿತು. ನೂಲು ಸುತ್ತಿದ ರಟ್ಟು ಮಾತ್ರ ಮಗ್ಗದ ಪಕ್ಕದ ಗೂಡಿನಲ್ಲೇ ಉಳಿಯಿತು. ಅದನ್ನು ಯಾರೂ ಎತ್ತಿಡಲಿಲ್ಲ. ಅವಳು ಮನೆಯಲ್ಲಿ ಮೊದಲಿನ ಹಾಗೆಯೇ ಇದ್ದಳು, ನನ್ನ ಜೊತೆ ತಮಾಷೆ ಮಾಡಿಕೊಂಡೇ ಇದ್ದಳು. ಯಾರಾದರೂ ಯಾಕೆ ಬಿಟ್ಟೆ ಎಂದರೆ, ‘ಮೇಡಂ ಜೊತೆ ಜಗಳ ಆಯ್ತು’ ಅನ್ನುತ್ತಿದ್ದಳು.

ಹೋದ ತಿಂಗಳು ಅವಳ ಸಹಪಾಠಿಯೊಬ್ಬಳು ಫೋನ್ ಮಾಡಿದಳು. ಪರೀಕ್ಷೆ ಉಳಿಸಿಕೊಂಡವರು ಅದನ್ನು ಕಟ್ಟಲು ಇದೇ ಕೊನೆಯ ವರ್ಷವಂತೆ, ಸೋಮವಾರದೊಳಗೆ ಅರ್ಜಿ ಹಾಕಬೇಕಂತೆ. ಮರುದಿನ ಭಾನುವಾರ. ಹಾಸು ಮುಗಿದಿತ್ತು. ಅವಳು ರಜೆಯಲ್ಲಿದ್ದಳು, ಕೆಚ್ಚಲು ಕೂತಳು. ನಾನು ಎದುರಿಗೆ ಕೂತೆ. ಅಪ್ಪ ಹೊರಗೆ ಹೋಗಿದ್ದರು.

“ಅರ್ಜಿ ಹಾಕಲ್ವೇನೇ?” ಎಂದೆ.

“ಹಾಕಲ್ಲ.”

“ಯಾಕೆ? ಒಂದು ಪಾಠ ತಾನೇ ಇರೋದು.”

“ಪಾಠ ಮಾಡ್ಬಿಡ್ತೀನಿ ಕಣಕ್ಕ, ನಿದ್ದೇಲಿ ಎಬ್ಬಿಸಿದ್ರೂ ಮಾಡ್ತೀನಿ. ಆದ್ರೆ ಅದೇ ಮೇಡಂ ಹತ್ರ ಸಹಿ ಹಾಕಿಸ್ಕೋಬೇಕು. ನಾನು ಸುಳ್ಳಿ ಅಂತ ನನ್ ಕೈಲೇ ಬರ್ದು ಕೊಟ್ಟಿದ್ದೀನಿ. ಅವ್ರು ಸುಳ್ಳು ಹೇಳಿದ್ದು ಅವ್ರಿಗೂ ಗೊತ್ತು, ನಂಗೂ ಗೊತ್ತು. ಆ ಮುಖ ನೋಡ್ಕೊಂಡು ಮಕ್ಕಳಿಗೆ ಏನ್ ಹೇಳ್ಕೊಡ್ಲಿ?”

ಇಷ್ಟು ವರ್ಷ ಅವಳು ಹಾಗೆ ನಂಬಿಕೊಂಡಿದ್ದಳು. ಅವಳ ಪಾಠಯೋಜನೆಯ ಹಾಗೆ ನಾನೂ ಎಷ್ಟೋ ಸಲ ಮನಸ್ಸಿನಲ್ಲಿ ಗೆರೆ ಹಾಕಿಕೊಂಡಿದ್ದೆ. ಎಡಗಡೆ ನಾನು ಹೇಳುವುದು, ಬಲಗಡೆ ಅವಳು ಹೇಳುವುದು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಅಳುತ್ತಾಳೆ. ಯಾವ ಉತ್ತರ ಬರೆದುಕೊಂಡರೂ ಎಡಗಡೆಯದ್ದು ಬಾಯಿಗೆ ಬಂದಿರಲಿಲ್ಲ.

“ಮೇಡಂ ಸುಳ್ಳು ಹೇಳಿಲ್ಲ,” ಎಂದೆ. “ಮಂಗಳವಾರ ಫೋನ್ ಬಂದಿತ್ತು. ನಾನೇ ಎತ್ತಿದ್ದೆ.”

ಅವಳ ಬೆರಳು ಎಳೆಯನ್ನು ಹೊಸೆಯುತ್ತಲೇ ಇತ್ತು. ಅದನ್ನು ಮುಗಿಸಿದಳು, ಎಳೆದು ನೋಡಿದಳು. ಮುಂದಿನ ಎಳೆ ಹಿಡಿದು ನಿಲ್ಲಿಸಿದಳು.

“ಮರೆತ್ಹೋಯ್ತಾ?”

“ಇಲ್ಲ.”

“ಅವತ್ತು ಬೆಳಿಗ್ಗೆ ನಾನಿಲ್ಲಿ ಕೂತಿದ್ದಾಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಗಡಿಯಾರ ನೋಡ್ತಿದ್ದೆ.”

ಬೆರಳಿನ ಬೂದಿಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಕ್ಲಾಸಿನಲ್ಲಿ ಕೇಳುವ ಹಾಗೆ, ಕೋಪವಿಲ್ಲದೆ ಕೇಳಿದಳು.

“ಕಾರಣ ಹೇಳು.”

ಹೇಳಿದೆ. ಸಾಹುಕಾರರ ಬುಧವಾರ, ಶುಕ್ರವಾರದವರೆಗೆ ಬಾರದವರು, ನನ್ನ ದಪ್ಪ ಬೆರಳು, ಆಮೇಲೆ ಇನ್ನೊಂದನ್ನೂ ಹೇಳಿದೆ, ಅವಳು ಹೋದಮೇಲೆ ನಾನೊಬ್ಬಳೇ ಆಗುತ್ತೇನೆ ಎಂಬುದನ್ನು. ನನ್ನ ದನಿ ಬೇರೆ ಯಾರದೋ ಮನೆಯ ವಿಷಯ ಹೇಳುವ ಹಾಗಿತ್ತು. ಅವಳು ನನ್ನ ಮುಖ ನೋಡಲಿಲ್ಲ. ಎದ್ದೂ ಹೋಗಲಿಲ್ಲ. ನಮ್ಮಿಬ್ಬರ ನಡುವೆ ಅರ್ಧ ಕೂಡಿದ ಹಾಸು ಇತ್ತು.

“ನಾಳೆ ನಿನ್ ಜೊತೆ ಕಾಲೇಜಿಗೆ ನಾನೂ ಬರ್ತೀನಿ,” ಎಂದೆ. “ಮೇಡಂ ಮುಂದೆ ನಿಂತು ಇದನ್ನೇ ಹೇಳ್ತೀನಿ. ಆದ್ರೆ ಮೊದ್ಲು ನಿಂಗೆ ಹೇಳ್ಬೇಕು. ನಾನು ಸುಳ್ಳು ಹೇಳ್ದೆ, ನೀನು ಅದಕ್ಕೆ ಕ್ಷಮೆ ಕೇಳ್ದೆ. ಅದು ನಾನು ಕೇಳ್ಬೇಕಾಗಿದ್ದು. ತಪ್ಪಾಯ್ತು ಕಣೇ. ನನ್ನಿಂದ ತಪ್ಪಾಯ್ತು.”