ಬಸದಿಯ ದಾರಿಗೆ ಸೈರನ್

ಅಂಗಡಿಗಳಿಗೆ ಕ್ಯಾಮೆರಾ ಕೂರಿಸುವ ಕೆಲಸಕ್ಕೆ ಇಳಿದ ಮೇಲೆ ನನಗೆ ನೆಮ್ಮದಿ ಎನ್ನುವುದೇ ಇರಲಿಲ್ಲ. ಫೋನ್ ಹೊಡೆದುಕೊಂಡರೆ ಸಾಕು, ಎಲ್ಲೋ ಏನೋ ಕೈಕೊಟ್ಟಿದೆ ಎಂದೇ ಲೆಕ್ಕ. ಆ ದಿನ ಕರೆ ಬಂದದ್ದು ಹುಕ್ಕೇರಿಯ ಒಂದು ಪಾತ್ರೆ ಅಂಗಡಿಯ ಮಾಲೀಕರಿಂದ.

"ಏನ್ ಕೂಡ್ಸಿ ಹೋಗೀರ್ರಿ ನೀವು? ನಮ್ಮ ಆಯಿ ನೀರೂ ಕುಡೀವಲ್ಲಳು!"

ಗೋಕಾಕದಿಂದ ಸಿಕ್ಕ ಬಸ್ಸು ಹತ್ತಿದೆ. ಅಲ್ಲಿ ನಾನು ಕೂರಿಸಿದ್ದು ಕ್ಯಾಮೆರಾ, ಜೊತೆಗೊಂದು ಕಳ್ಳರ ಸೈರನ್. ಅದಕ್ಕೂ ಅವರ ತಾಯಿ ನೀರು ಕುಡಿಯುವುದಕ್ಕೂ ಏನು ಸಂಬಂಧ? ವೈರ್ ತಪ್ಪಿ ಶಾಕ್ ಹೊಡೆದಿರಬಹುದೇ? ದಾರಿಯುದ್ದಕ್ಕೂ ಇದೇ ಚಡಪಡಿಕೆ.

ವಿಷಯ ಬೇರೆಯೇ ಇತ್ತು. ಅವರು ಜೈನರು. ತಾಯಿ ನಸುಕಿನಲ್ಲೆದ್ದು ಬಸದಿಗೆ ಹೋಗಿ ದರ್ಶನ ಮಾಡದೆ ಹನಿ ನೀರೂ ಮುಟ್ಟುವವರಲ್ಲ. ಮನೆ ಅಂಗಡಿಯ ಹಿಂದೆ. ಬೀದಿಗಿಳಿಯಲು ಅಂಗಡಿಯೊಳಗಿನದೇ ದಾರಿ. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಏನು ಅಲುಗಾಡಿದರೂ ಸೈರನ್ ಕೂಗುವಂತೆ, ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಯಲ್ಲಿ ಹೊಂದಿಸಿದವನು ನಾನೇ. "ಅಂಗಡಿ ಮುಚ್ಚಿದ ಮ್ಯಾಲ ಒಳಗ ಯಾರರೆ ಅಡ್ಡಾಡ್ತಾರೇನ್ರಿ?" ಎಂದು ಕೇಳಿಯೂ ಇದ್ದೆ. "ಒಂದ್ ನರಪಿಳ್ಳೀನೂ ಇಲ್ರಿ" ಎಂದಿದ್ದರು ಮಗ. ಹೆತ್ತ ತಾಯಿ ದಿನಾ ಯಾವ ದಾರಿಯಿಂದ ಹೋಗುತ್ತಾರೆಂದು ಗೊತ್ತಿಲ್ಲದ ಮಗ! ನನಗೆ ಮೈ ಉರಿಯಿತು.

ಮೊದಲ ನಸುಕಿಗೇ ಸೈರನ್ ಕೂಗಿ ಪೇಟೆಯ ಮಂದಿ ಬಡಿಗೆ ಹಿಡಿದು ಓಡಿಬಂದರೆ, ಮಡಿಯುಟ್ಟ ತಾಯಿ ದೇವರಿಗೆ ಒಯ್ಯುವ ಅಕ್ಕಿ ಚೆಲ್ಲಿಕೊಂಡು ನಡುಗುತ್ತ ನಿಂತಿದ್ದರಂತೆ. ಅಂದಿನಿಂದ ಅಂಗಡಿ ತೆರೆಯುವ ತನಕ ಬಾಯಿ ಒಣಗಿಸಿಕೊಂಡು ಕೂರುತ್ತಿದ್ದರು. ಗುಂಡಿ ಒತ್ತಿ ಸೈರನ್ ನಿಲ್ಲಿಸಿ ಹೋಗಿ ಎಂದರೆ, ಮಡಿಯಲ್ಲಿ ಅದನ್ನೆಲ್ಲ ಮುಟ್ಟಲಾರೆ ಎಂದರು. ನಸುಕಿನಲ್ಲಿ ಸೈರನ್ ಬಂದ್ ಇಡೋಣವೆಂದರೆ ಮಗ ಒಪ್ಪಲಿಲ್ಲ.

"ಕಳ್ಳರು ಬರೂದ ಆವಾಗ್ರಿ!"

ಕೊನೆಗೆ, ಎಲ್ಲೆಲ್ಲಿ ಅಲುಗಾಡಿದರೆ ಸೈರನ್ ಕೂಗಬೇಕೆಂದು ಪರದೆಯ ಮೇಲೆ ಗುರುತಿಸಿದ್ದ ಚೌಕಗಳಲ್ಲಿ ಗೋಡೆಯ ಬದಿಯವನ್ನು ಅಳಿಸಿದೆ, ಆಕೆ ನಡೆಯುವಷ್ಟು. ಅಲ್ಲಿ ಯಾರು ನಡೆದರೂ ಕ್ಯಾಮೆರಾ ನೋಡುತ್ತದೆ, ಸೈರನ್ ಕೂಗುವುದಿಲ್ಲ. ತಾಯಿಯನ್ನು ಕರೆದು ನಡೆಸಿ ನೋಡಿದೆ. ಗೋಡೆ ಸವರುತ್ತ, ನಿಂತು ನಿಂತು, ಬಾಗಿಲು ಮುಟ್ಟಿದರು. ಸದ್ದಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

ಆಕೆ ಅಲ್ಲೇ ತಿರುಗಿ ಕೇಳಿದರು. "ತಮ್ಮಾ, ಇಲ್ಲೆ ನಾ ಕಾಲ ಜಾರಿ ಬಿದ್ರ? ಆವಾಗರೆ ಒದರತೈತೇನ ಇದು?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ರಿ ಆಯಿ" ಎಂದೆ.

ಮಗ ಗಾಬರಿಯಾದರು. "ಹಂಗಾರ ಬ್ಯಾಡ್ರಿ, ಮೊದಲಿನಂಗ ಮಾಡಿಬಿಡ್ರಿ."

"ಇರ್ಲಿ ಬಿಡು" ಎಂದರು ತಾಯಿ. "ಬಿದ್ರ ನಾನ ಒದರತೇನಿ. ಕೇಳಿ ಏಳ್ತೀಯಿಲ್ಲ ನೀ?"